ಬಬ್ಬೂರಿನಲ್ಲಿ ಅದಲುಬದಲಾದ ಸೈಕಲ್

ಮೂರು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮೊದಲ ಗುರುವಾರ, ಬಬ್ಬೂರಿನ ಕೃಷಿ ಫಾರಂನ ಗೇಟಿನ ಬಳಿ ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ನನ್ನ ಸೈಕಲ್ಲನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿದ್ದ ಇನ್ನೊಬ್ಬರ ಸೈಕಲ್ಲನ್ನು ತುಳಿದುಕೊಂಡು ನಾನು ಹಿರಿಯೂರಿಗೆ ಬಂದೆ.

ಗೊತ್ತಾದದ್ದು ರೂಮಿನ ಮೆಟ್ಟಿಲ ಬುಡದಲ್ಲಿ. ನನ್ನ ಸೈಕಲ್ಲಿಗೆ ಹಿಂದಿನ ಚಕ್ರವನ್ನೇ ಎತ್ತಿ ನಿಲ್ಲಿಸುವ ಡಬಲ್ ಸ್ಟ್ಯಾಂಡ್ ಇತ್ತು. ಇಳಿದವನು ಅಭ್ಯಾಸಬಲದಿಂದ ಕಾಲಿನಲ್ಲಿ ಅದನ್ನು ಹುಡುಕಿದೆ. ಕಾಲು ಗಾಳಿಯಲ್ಲಿ ಆಡಿತು. ಬಗ್ಗಿ ನೋಡಿದರೆ ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್. ಆಮೇಲೆ ಒಂದೊಂದೇ ಕಾಣತೊಡಗಿತು: ಸೀಟು ಬೇರೆ, ಕ್ಯಾರಿಯರ್ ಬೇರೆ, ಮಡ್‌ಗಾರ್ಡಿನ ತುದಿಯಲ್ಲಿ ನನ್ನದಲ್ಲದ ಒಂದು ರಬ್ಬರ್ ತುಂಡು. ಆದರೆ ಅದೇ ಕಪ್ಪು ಬಣ್ಣ, ಅದೇ ಎತ್ತರ. ನನ್ನ ಕೀಲಿ ಅದರ ಬೀಗಕ್ಕೆ ಸಲೀಸಾಗಿ ತಿರುಗಿತ್ತು. ಆ ಬಗೆಯ ಬೀಗಗಳು ಕಳ್ಳರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಯಜಮಾನನ ಸಮಾಧಾನಕ್ಕೆಂದು ಮಾಡಿದವು.

ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಸತ್ತವರ ಇನಿಷಿಯಲ್ ತಪ್ಪಾಗಬಾರದೆಂದು ಇಬ್ಬರನ್ನು ಕೇಳಿ ಬರೆಯುವವನು. ಬಬ್ಬೂರಿಗೆ ಆ ದಿನ ಹೋದದ್ದೂ ಶೇಂಗಾದ ಹೊಸ ತಳಿಯೊಂದರ ಹೆಸರನ್ನು ಖಚಿತ ಮಾಡಿಕೊಳ್ಳಲು. ತಳಿಯ ಹೆಸರು ಸರಿಯಾಗಿಯೇ ಅಚ್ಚಾಯಿತು.

ಸೈಕಲ್ಲುಗಳನ್ನು ಹೀಗೆ ಅದಲುಬದಲು ಮಾಡಿಕೊಳ್ಳುವುದು ನಾನು ಹುಟ್ಟಿದ ತಾಳ್ಯದಲ್ಲಿ ಸಾಧ್ಯವೇ ಇರಲಿಲ್ಲ. ಹೊಳಲ್ಕೆರೆ ಸೀಮೆಯ ಆ ಊರಿನಲ್ಲಿ ನನ್ನ ಬಾಲ್ಯಕಾಲಕ್ಕೆ ಸೈಕಲ್ಲುಗಳೇ ಕಡಿಮೆ. ಇದ್ದವುಗಳಿಗೆ ಮನುಷ್ಯರಿಗಿರುವಷ್ಟೇ ಗುರುತು. ಒಬ್ಬರದಕ್ಕೆ ಚಕ್ರದ ನಡುವಿನ ಹಬ್ಬಿನ ಸುತ್ತ ಬಣ್ಣಬಣ್ಣದ ಕುಚ್ಚು, ಒಬ್ಬರದಕ್ಕೆ ಕಡ್ಡಿಗಳ ನಡುವೆ ಪ್ಲಾಸ್ಟಿಕ್ ಮಣಿ, ಹಾಲಿನವರದಕ್ಕೆ ಎರಡೂ ಕಡೆ ಕ್ಯಾನು ನೇತುಹಾಕುವ ಕೊಕ್ಕೆ. ನಮ್ಮಪ್ಪ ತಮ್ಮ ಸೈಕಲ್ಲಿಗೆ ಏನೂ ಕಟ್ಟಿಸಿರಲಿಲ್ಲ. ಅದರ ಚೈನ್ ಕವರು ಎಲ್ಲೋ ಒಂದು ಕಡೆ ನಗ್ಗಿ, ಪೆಡಲ್ಲಿನ ಒಂದೊಂದು ಸುತ್ತಿಗೂ ಒಮ್ಮೆ ‘ಕರಕ್’ ಎನ್ನುತ್ತಿತ್ತು. ಊರ ಹೊರಗಿನ ಹಳ್ಳ ದಾಟುವಾಗಲೇ ಅದು ಅಮ್ಮನಿಗೆ ಕೇಳಿಸುತ್ತಿತ್ತು. ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಅಪ್ಪ ಅಂಗಳಕ್ಕೆ ಬರುವ ಹೊತ್ತಿಗೆ ನೀರು ಕುದಿಯುತ್ತಿತ್ತು. ಒಮ್ಮೆ ನಾನು ಜಾಣತನ ತೋರಿಸಲು ಚೈನ್ ಕವರಿನ ನಗ್ಗನ್ನು ಕಲ್ಲಿನಿಂದ ಬಡಿದು ನೇರ ಮಾಡಿದೆ. ಆ ಸಂಜೆ ಅಪ್ಪ ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತರು. ಅಮ್ಮ ಬೆಚ್ಚಿಬಿದ್ದಳು, ಕಾಫಿ ಇರಲಿಲ್ಲ. ಮರುದಿನ ಅಪ್ಪ ತಾವೇ ಕಲ್ಲು ಹುಡುಕಿ ಅದನ್ನು ಮತ್ತೆ ನಗ್ಗಿಸಿದರು.

ಆ ಸೈಕಲ್ಲಿನಲ್ಲೇ ನಾನು ಕಲಿತದ್ದು. ಸೀಟಿನ ಮೇಲೆ ಕೂತರೆ ಕಾಲು ಎಟುಕುವಂತಿರಲಿಲ್ಲ. ಬಾರಿನ ಕೆಳಗಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಮೈಯನ್ನು ಸೊಟ್ಟ ಮಾಡಿಕೊಂಡು ತುಳಿಯುವ ಒಳಪೆಡಲ್ ವಿದ್ಯೆ ನಿಮಗೂ ಗೊತ್ತಿರುತ್ತದೆ. ನಮ್ಮ ವಯಸ್ಸಿನವರಾದರೆ ಮೊಣಕಾಲಿನಲ್ಲಿ ಅದರ ಗುರುತೂ ಇರುತ್ತದೆ. ಈಗಿನ ಮಕ್ಕಳಿಗೆ ಅವರವರ ಎತ್ತರದ ಸೈಕಲ್ಲು ಬರುತ್ತದೆ. ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಹಾಕಿಸಿಕೊಂಡು, ಬೀಳದೆಯೇ ಕಲಿಯುತ್ತಾರೆ. ಬಾರಿಲ್ಲದ ಲೇಡೀಸ್ ಸೈಕಲ್ಲು, ಬಾಗಿದ ಹ್ಯಾಂಡಲ್ಲಿನ ಗೇರ್ ಸೈಕಲ್ಲು, ದಪ್ಪ ಟೈರಿನ ಬೆಟ್ಟದ ಸೈಕಲ್ಲು, ಸರ್ಕಾರ ಶಾಲೆಯ ಮಕ್ಕಳಿಗೆಂದು ಕೊಟ್ಟ ಸೈಕಲ್ಲು, ಈಗ ಬ್ಯಾಟರಿಯದೂ ಬಂದಿದೆ. ಚಿತ್ರದುರ್ಗದಲ್ಲಿ ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಕನ್ನಡಕ ಹಾಕಿಕೊಂಡು ಕೋಟೆಯ ಕಡೆ ಗುಂಪಾಗಿ ಹೋಗುವವರನ್ನು ಕಂಡಿದ್ದೇನೆ. ಅವರು ನನ್ನ ಸೈಕಲ್ಲನ್ನು ನೋಡುವ ಬಗೆಯಲ್ಲಿ, ಮ್ಯೂಸಿಯಂನಿಂದ ಯಾರೋ ಕದ್ದು ತಂದಿದ್ದಾರೆಂಬ ಅನುಮಾನ ಇರುತ್ತದೆ.

ಒಮ್ಮೆ ಸೈಕಲ್ ದಿನಾಚರಣೆಗೆಂದು ಈ ವಾಹನದ ಇತಿಹಾಸವನ್ನು ಓದಿ ಬರೆದಿದ್ದೆ. ಇನ್ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಪೆಡಲ್ಲೇ ಇಲ್ಲದ ಮರದ ಬಂಡಿ. ಕೂತು, ನೆಲವನ್ನು ಕಾಲಿನಿಂದ ಒದ್ದುಕೊಂಡು ಹೋಗಬೇಕು. ಆಮೇಲೆ ಮುಂದಿನ ಚಕ್ರಕ್ಕೇ ಪೆಡಲ್ಲು ಬಂತು. ವೇಗ ಬೇಕೆಂದು ಆ ಚಕ್ರವನ್ನು ಆಳೆತ್ತರ ಬೆಳೆಸಿದರು. ಬಿದ್ದವರು ತಲೆಕೆಳಗಾಗಿ ಬಿದ್ದರು. ಪೆಡಲ್ಲನ್ನು ನಡುವಿಗೆ ತಂದು, ಹಿಂದಿನ ಚಕ್ರಕ್ಕೆ ಚೈನು ಹಾಕಿದ ಮೇಲೆಯೇ ಎರಡೂ ಚಕ್ರ ಸಮವಾದವು. ಗಾಳಿ ತುಂಬುವ ಟೈರು ಬಂದ ಮೇಲೆ ಬೆನ್ನುಮೂಳೆ ಬಚಾವಾಯಿತು. ಇಷ್ಟನ್ನೂ ಶ್ರದ್ಧೆಯಿಂದ ಬರೆದು ಕಳಿಸಿದೆ. ಡೆಸ್ಕಿನವರು ಅದನ್ನು ಪೂರ್ತಿ ಕತ್ತರಿಸಿ, ಕ್ಯಾರಿಯರ್ ಕಾಣದಷ್ಟು ತೆಂಗಿನಕಾಯಿ ಕಟ್ಟಿಕೊಂಡು ಹೊಸದುರ್ಗದ ಸಂತೆಗೆ ಹೊರಟವರೊಬ್ಬರ ಚಿತ್ರವನ್ನು ಮಾತ್ರ ಹಾಕಿದರು. ಅವರು ಮಾಡಿದ್ದೇ ಸರಿ.

ಬಬ್ಬೂರಿನ ಮಾತಿಗೆ ಬರುತ್ತೇನೆ. ಮರುದಿನ ಬೆಳಿಗ್ಗೆ ಆ ಸೈಕಲ್ಲನ್ನು ವಾಪಸು ಕೊಡಲು ಹೊರಟೆ. ಹಿಂದಿನ ದಿನ ನನ್ನದೇ ಎಂಬ ಧೈರ್ಯದಲ್ಲಿ ಬಂದಿದ್ದವನಿಗೆ ಈಗ ಅದರ ಬ್ರೇಕು ಹಿಡಿಯುವುದೇ ಇಲ್ಲ ಎಂದು ತಿಳಿಯಿತು. ಸೈಕಲ್ ಶಾಪಿನಲ್ಲಿ ನಿಲ್ಲಿಸಿ ನಾಲ್ಕೂ ಬ್ರೇಕ್ ರಬ್ಬರ್ ಹೊಸದು ಹಾಕಿಸಿಕೊಂಡು, ಬಬ್ಬೂರಿಗೆ ಹೋದೆ. ಗೇಟಿನ ಬಳಿ ನನ್ನ ಸೈಕಲ್ಲು ಹಿಡಿದುಕೊಂಡು, ಖಾಕಿ ಅಂಗಿಯ ಎತ್ತರದ ಮನುಷ್ಯರೊಬ್ಬರು ನಿಂತಿದ್ದರು. ಫಾರಂನ ಟ್ರ್ಯಾಕ್ಟರ್ ಡ್ರೈವರ್ ತಿಪ್ಪೇಸ್ವಾಮಿ.

“ಬರ್ರಿ ಪೇಪರ್ ಸಾರ್. ಕಳ್ಳ ತಾನಾಗೇ ಬರ್ತಾನೆ ಅಂತ ಕಾಯ್ತಾ ಇದ್ದೆ,” ಎಂದರು.

“ತಪ್ಪಾಯ್ತು. ಗಮನಿಸಲಿಲ್ಲ.”

“ನಾನೇನು ಗಮನಿಸಿದ್ನಾ? ನಿಮ್ಮ ಸೈಕಲ್ಲು ತುಳ್ಕಂಡು ಮನೆಗೆ ಹೋಗಿ, ಉಂಡು, ಮಲಗಿ ಎದ್ದಿದೀನಿ. ಬೆಳಿಗ್ಗೆ ನಮ್ಮನೆಯೋಳು ‘ಇದ್ಯಾರ್ದು ಸೈಕಲ್ಲು’ ಅಂದ ಮ್ಯಾಲೇ ಗೊತ್ತಾಗಿದ್ದು.”

ನನ್ನ ಸೈಕಲ್ಲನ್ನು ಮುಟ್ಟಿ ನೋಡಿದೆ. ಹಿಂದಿನ ಟೈರು ಹೊಚ್ಚಹೊಸದು. ಸವೆದು ನೂಲು ಕಾಣುತ್ತಿದ್ದದ್ದನ್ನು ಅವರು ನಾನು ಬರುವುದರೊಳಗೆ ಬದಲಿಸಿಬಿಟ್ಟಿದ್ದರು. ಇದೇಕೆಂದು ಕೇಳುವಷ್ಟರಲ್ಲಿ ಕ್ವಾರ್ಟರ್ಸಿನ ಬಾಗಿಲಿನಿಂದ ಅವರ ಹೆಂಡತಿ ತಿಮ್ಮಕ್ಕ ಉತ್ತರಿಸಿದರು.

“ಒಬ್ರ ಮನೆ ಪಾತ್ರೆ ನಮ್ಮನೇಲಿ ಉಳಿದ್ರೆ ಬರೀ ಪಾತ್ರೆ ವಾಪಸ್ ಕೊಡ್ತೀವೇನ್ರಿ? ಒಂದಿಷ್ಟು ಬೆಲ್ಲನೋ, ಕಾಳೋ ಹಾಕಿ ಕೊಡಲ್ವಾ? ಹಂಗೇ ಇದೂನೂ.”

ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಾರೂ ಇದಕ್ಕೆ ಎದುರಾಡಲಾರರು. ಆದರೆ ನನಗೆ ಪೇಚಾಯಿತು. ಇಡೀ ಟೈರಿನ ಎದುರು ನನ್ನ ನಾಲ್ಕು ತುಂಡು ರಬ್ಬರು ಏನೇನೂ ಅಲ್ಲ. “ನಿಮ್ಮ ಸೈಕಲ್ಲು ಇನ್ನೊಂದು ವಾರ ನನ್ನ ಹತ್ತಿರವೇ ಇರಲಿ. ಬೆಲ್ಲು ಕೆಟ್ಟಿದೆ, ಹಾಕಿಸಿ ತರುತ್ತೇನೆ,” ಎಂದೆ.

“ಹಂಗಾದ್ರೆ ನಿಮ್ದು ನನ್ ತಾವ ಇರ್ಲಿ ಬಿಡ್ರಿ. ಮುಂದಿನ ವಾರ ನೋಡಾಣ,” ಎಂದರು ತಿಪ್ಪೇಸ್ವಾಮಿ.

ಮುಂದಿನ ವಾರ ನಾನು ಬೆಲ್ಲು ಹಾಕಿಸಿಕೊಂಡು ಹೋದರೆ, ಅವರು ನನ್ನದಕ್ಕೆ ಸ್ಪ್ರಿಂಗಿನ ಸೀಟು ಹಾಕಿಸಿದ್ದರು. ಸೀಟಿಗೆ ಬೆಲ್ಲು ಹೇಗೆ ಸಮವಾದೀತು? ಮತ್ತೊಂದು ವಾರ ಮುಂದಕ್ಕೆ ಹೋಯಿತು. ನಾನು ಹೊಸ ಕ್ಯಾರಿಯರ್ ಹಾಕಿಸಿದೆ. ಈಗ ಅವರಿಗೆ ಕಡಿಮೆ ಬಿತ್ತು. ಅವರು ಹ್ಯಾಂಡಲ್ಲಿಗೆ ಹೊಸ ಹಿಡಿ, ಚೈನು, ಫ್ರೀವೀಲು ಎಂದು ಮುಂದುವರಿಸಿದರು. ಹೀಗೆ ಎರಡು ಸೈಕಲ್ಲುಗಳು ಕಂಡವರ ಕೈಯಲ್ಲಿ ದಿನದಿನಕ್ಕೆ ಚೆಂದವಾಗುತ್ತಾ ಹೋದವು. ಸ್ವಂತ ಯಜಮಾನರ ಕೈಯಲ್ಲಿದ್ದಾಗ ಅವುಗಳಿಗೆ ಎಣ್ಣೆಯ ಹನಿಯೂ ಸರಿಯಾಗಿ ಸಿಕ್ಕಿರಲಿಲ್ಲ.

ಕೆಲವು ತಿಂಗಳಾದ ಮೇಲೆ, ಇದು ಸಮ ಮಾಡುವ ಲೆಕ್ಕವಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು ಅನಿಸುತ್ತದೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾನುವಾರ ಸಂಜೆ ಅವರು ಹಿರಿಯೂರಿಗೆ ಬರುತ್ತಿದ್ದರು. “ಸಾರ್, ಈ ಸಲ ಬದಲಾಯಿಸ್ಕಂಡೇ ಬಿಡಾಣ” ಎನ್ನುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಕೆಳಗಿನ ಅಂಗಡಿಯಿಂದ ಟೀ ತರಿಸುತ್ತಿದ್ದೆ. ಟೀ ಮುಗಿಯುವ ಹೊತ್ತಿಗೆ ಒಬ್ಬರಲ್ಲ ಒಬ್ಬರಿಗೆ ಸೈಕಲ್ಲಿನಲ್ಲಿ ಏನಾದರೊಂದು ಐಬು ನೆನಪಾಗುತ್ತಿತ್ತು. ಅವರು ನನ್ನ ಸೈಕಲ್ಲನ್ನೇ ತುಳಿದುಕೊಂಡು ಹೊರಡುತ್ತಿದ್ದರು.

ಆ ಮೆಟ್ಟಿಲುಗಳ ಬಗ್ಗೆ ಹೇಳಬೇಕು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ಎಂದು ಜಿಲ್ಲೆಯೊಳಗೇ ಸುತ್ತಿ, ಹಿರಿಯೂರಿಗೆ ಬಂದು ನೆಲೆನಿಂತವನು ನಾನು. ಮದುವೆಯಾಗಲಿಲ್ಲ, ಅದಕ್ಕೊಂದು ದೊಡ್ಡ ಕಾರಣವೂ ಇಲ್ಲ. ಮೊದಲೆಲ್ಲ ಸುದ್ದಿ ಹಿಡಿದುಕೊಂಡು ಜನ ಈ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸಂಘದ ಸಭೆ, ಕೆರೆಯ ಒತ್ತುವರಿ, ಶಾಲೆಯ ವಾರ್ಷಿಕೋತ್ಸವ. ಕುಳಿತು, ನೀರು ಕುಡಿದು, ಹೆಸರು ಬಿಡಬೇಡಿ ಎಂದು ಹೇಳಿ ಹೋಗುತ್ತಿದ್ದರು. ಈಗ ಎಲ್ಲವೂ ಮೊಬೈಲಿಗೆ ಬಂದು ಬೀಳುತ್ತದೆ, ಫೋಟೋ ಸಮೇತ. ಊರಿನಲ್ಲಿ ನನ್ನನ್ನು ಅರಿಯದವರಿಲ್ಲ. ದಾರಿಯಲ್ಲಿ ಕೈಯೆತ್ತುವವರು ಬೇಕಾದಷ್ಟು. ಮೆಟ್ಟಿಲು ಹತ್ತಿ ಬರುತ್ತಿದ್ದವರು ತಿಪ್ಪೇಸ್ವಾಮಿ ಒಬ್ಬರೇ. ಭಾನುವಾರ ಮಧ್ಯಾಹ್ನದಿಂದಲೇ ನನ್ನ ಕಿವಿ ಕೆಳಗೆ ಇರುತ್ತಿತ್ತು.

“ನಿಮ್ ರೂಮ್‌ನಾಗೆ ಎಷ್ಟು ಚೆಂದ ಸಾರ್, ಒಂದ್ ಸದ್ದಿಲ್ಲ,” ಎನ್ನುತ್ತಿದ್ದರು. ಅವರ ಮನೆಯಲ್ಲಿ ಸೊಸೆ, ಮೊಮ್ಮಕ್ಕಳು, ಟಿವಿ, ಎರಡು ಮೇಕೆ. “ನಾನು ಬರೋದೇ ಒಂದ್ ಗಳಿಗೆ ಸುಮ್ನೆ ಕುಂತ್ಕಳಾಕೆ.” ಹಾಗೆಂದು ಹೇಳಿ ಒಂದೇ ಸಮನೆ ಮಾತಾಡುತ್ತಿದ್ದರು. ಆಷಾಢದ ಗಾಳಿಗೆ ಟ್ರ್ಯಾಕ್ಟರಿನ ಮೇಲೆ ಕೂತವನ ಟವೆಲ್ಲು ಆಂಧ್ರಕ್ಕೆ ಹಾರಿದ್ದು, ಗುಡ್ಡದ ಗಾಳಿಯಂತ್ರಗಳು ಮಳೆಯ ಮೋಡ ಓಡಿಸುತ್ತವೆಂದು ಊರಿನವರು ಜಗಳ ತೆಗೆದದ್ದು. ನಾನು ಅವುಗಳಲ್ಲಿ ಒಂದನ್ನೂ ಸುದ್ದಿ ಮಾಡಲಿಲ್ಲ.

ಒಂದು ಭಾನುವಾರ ವಾಣಿವಿಲಾಸ ಸಾಗರದ ದಾರಿಯಲ್ಲಿ ಸ್ವಲ್ಪ ದೂರ ಹೋಗಿಬರೋಣವೆಂದು ಇಬ್ಬರೂ ಹೊರಟೆವು. ಎದುರು ಗಾಳಿ. ಅವರು ಮುಂದೆ, ನಾನು ಹಿಂದೆ. ನನ್ನ ಸೈಕಲ್ಲನ್ನು ಹಿಂದಿನಿಂದ ನಾನು ನೋಡಿದ್ದು ಅದೇ ಮೊದಲು. ಅದರ ಹಿಂದಿನ ಚಕ್ರ ಒಂದು ಕಡೆಗೆ ಓಲಾಡುತ್ತಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ. ಅದರ ಮೇಲೆ ಕೂತಿದ್ದವನಿಗೆ ಕಂಡಿರಲೇ ಇಲ್ಲ.

“ತಿಪ್ಪೇಸ್ವಾಮಣ್ಣ, ರಿಮ್ಮು ಬೆಂಡಾಗಿದೆ,” ಎಂದು ಕೂಗಿದೆ.

“ಗೊತ್ತು ಸಾರ್,” ಎಂದು ಹಿಂದೆ ತಿರುಗದೆಯೇ ಕೂಗಿದರು. “ಅದೊಂದು ಇರ್ಲಿ ಅಂತ ಇಟ್ಕಂಡಿದೀನಿ.”

ಹೋದ ವರ್ಷ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಕ್ವಾರ್ಟರ್ಸು ಬಿಡಬೇಕಾಯಿತು. ಹೊಸದುರ್ಗದ ಹತ್ತಿರ ತಿಮ್ಮಕ್ಕನ ತವರೂರಿನಲ್ಲಿ, ಅವರ ಅಣ್ಣನ ತೋಟದ ಪಕ್ಕ ಒಂದು ಮನೆ ಸಿದ್ಧವಾಗಿತ್ತು. ಸಾಮಾನು ಸಾಗಿಸುವ ದಿನ ನಾನು ಬಬ್ಬೂರಿಗೆ ಹೋದೆ. ಅವರ ಮಗ ಮಂಜುನಾಥ, ಹೊಸದುರ್ಗದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿರುವವನು, ಟೆಂಪೋಗೆ ಹಗ್ಗ ಬಿಗಿಯುತ್ತಿದ್ದ.

“ಅಪ್ಪಾ, ಸಾರ್ ಸೈಕಲ್ಲು ಸಾರ್‌ಗೆ ಕೊಟ್ಟು, ನಿಂದು ತಗಂಬಾ. ಮ್ಯಾಲೆ ಕಟ್ತೀನಿ,” ಎಂದ.

ತಿಪ್ಪೇಸ್ವಾಮಿ ನನ್ನ ಕಡೆ ನೋಡಿದರು. “ಸಾರ್ ಸೈಕಲ್ಲಿಗೆ ಇನ್ನೊಂದ್ ಕೆಲ್ಸ ಐತೆ ಕಣೋ. ರಿಮ್ಮಿನ ಬೆಂಡು ತೆಗಿಸ್ಬೇಕು.”

“ಹಿರಿಯೂರ್‌ನಾಗೆ ತೆಗಿಯೋರಿಲ್ವಾ?”

“ಅವ್ರು ತೆಗಿಯೋದು ಬ್ಯಾರೆ, ನಾನು ತೆಗಿಸೋದು ಬ್ಯಾರೆ ಕಣೋ,” ಎಂದರು.

“ಈ ವಯಸ್ನಾಗೆ ಇಬ್ರೂ ಸೈಕಲ್ಲು ಬದಲಾಯಿಸ್ಕಂಡು ಓಡಾಡ್ತೀರಲ್ಲ, ನೋಡಿದೋರು ನಗಲ್ವಾ? ಬಿಸಿಲಾಗ್ತದೆ, ಹೋಗಾಣ ನಡಿ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಂತ್ರಿಗಳನ್ನು, ಪೊಲೀಸರನ್ನು ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಆ ದಿನ ಹೇಳಬೇಕಾದ ಒಂದು ಮಾತು ಬಾಯಿಗೆ ಬರಲಿಲ್ಲ. ಸೈಕಲ್ಲನ್ನು ಕೊಟ್ಟೆ, ಸೈಕಲ್ಲನ್ನು ತೆಗೆದುಕೊಂಡೆ. ಮಂಜುನಾಥ ಅಪ್ಪನದನ್ನು ಹಾಸಿಗೆಗಳ ಮೇಲೆ ಅಡ್ಡ ಮಲಗಿಸಿ ಕಟ್ಟಿದ. ಮುಂದಿನ ಚಕ್ರ ಗಾಳಿಗೆ ತಾನೇ ತಿರುಗುತ್ತಿತ್ತು.

“ಹೊಸದುರ್ಗದ ಕಡೆ ಬಂದ್ರೆ ಬರ್ರಿ,” ಎಂದರು ತಿಮ್ಮಕ್ಕ.

ಮನೆಗೆ ನನ್ನ ಸೈಕಲ್ಲಿನ ಮೇಲೆ ಬಂದೆ. ಸೀಟು ತಿಪ್ಪೇಸ್ವಾಮಿಯ ಎತ್ತರಕ್ಕಿತ್ತು. ಪೆಡಲ್ಲು ಕೆಳಗೆ ಹೋದಾಗ ನನ್ನ ಕಾಲು ಎಟುಕದೆ ಅರ್ಧದಲ್ಲೇ ಅದನ್ನು ಬಿಡುತ್ತಿತ್ತು. ಇಳಿಸಿಕೊಳ್ಳಲು ಒಂದು ಸ್ಪ್ಯಾನರು ಸಾಕು. ಇಳಿಸಲಿಲ್ಲ.

ಅಷ್ಟು ಒಳ್ಳೆಯ ಸ್ಥಿತಿಯ ಸೈಕಲ್ಲು ನನ್ನ ಜೀವಮಾನದಲ್ಲೇ ನನ್ನ ಬಳಿ ಇದ್ದದ್ದಿಲ್ಲ. ಹೊಸ ಟೈರು, ಹೊಸ ಚೈನು, ಹೊಸ ಸೀಟು. ರಿಮ್ಮಿನ ಬೆಂಡನ್ನು ತೆಗೆಸಲು ಮನಸ್ಸಿರಲಿಲ್ಲ; ಅದು ಬಿಟ್ಟರೆ ರಿಪೇರಿಗೆ ಕಾರಣವೇ ಇಲ್ಲ. ಒಂದು ಭಾನುವಾರ ಅದನ್ನು ತಲೆಕೆಳಗೆ ನಿಲ್ಲಿಸಿ, ಯಾವುದಾದರೂ ನಟ್ಟು ಸಡಿಲವಾಗಿದೆಯೇ ಎಂದು ನೋಡಿದೆ. ಕೆಳಗಿನ ಟೀ ಅಂಗಡಿಯವರು, “ಏನ್ ಸಾರ್, ಪಂಚರ್ರಾ?” ಎಂದರು. ಅಲ್ಲ ಎಂದೆ. “ಮತ್ತ್ಯಾಕೆ ಅದನ್ನ ಗೋಳು ಹುಯ್ಕಂತೀರಾ?” ಎಂದರು.

ಫೋನು ಇದೆಯಲ್ಲ ಎನ್ನುತ್ತೀರಿ. ಮಾಡಿದೆ. ತಿಪ್ಪೇಸ್ವಾಮಿಗೆ ಫೋನೆಂದರೆ ದೂರ ಇರುವವರನ್ನು ಕೂಗಿ ಕರೆಯುವ ಸಾಧನ.

“ಸಾರ್! ಸೈಕಲ್ಲು ಓಡ್ತಾ ಐತಾ?”

“ಓಡ್ತಾ ಇದೆ. ನಿಮ್ಮದು?”

“ಓಡ್ತೈತೆ ಸಾರ್!”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಬ್ಬರ ನಡುವಿನ ವಿಷಯ ಅದೊಂದೇ ಆಗಿತ್ತು. ಅದರಲ್ಲಿ ಹೇಳಿಕೊಳ್ಳುವಂಥ ತೊಂದರೆ ಉಳಿದಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಫೋನೂ ನಿಂತಿತು.

ಹೊಸದುರ್ಗಕ್ಕೆ ಹೋಗಲು ನನಗೆ ಕೆಲಸವಿರಲಿಲ್ಲ. ಆ ತಾಲ್ಲೂಕಿಗೆ ಬೇರೆ ವರದಿಗಾರರಿದ್ದಾರೆ. ಅವರ ಸೀಮೆಯೊಳಗೆ ಕಾಲಿಡುವುದು ನಮ್ಮ ವೃತ್ತಿಯಲ್ಲಿ ಮರ್ಯಾದೆಯಲ್ಲ. ಸಂಬಂಧಿಕರಿಲ್ಲ, ಕೋರ್ಟು ಕಚೇರಿಯಿಲ್ಲ. ನನ್ನ ವೃತ್ತಿಯ ದೋಷವೋ ಏನೋ, ಕಾರಣವಿಲ್ಲದೆ ನಾನು ಯಾರ ಮನೆಗೂ ಹೋದವನಲ್ಲ. ನಾನು ಬಾಗಿಲಲ್ಲಿ ಕಂಡರೆ ಮನೆಯವರೂ ಮೊದಲು ಕೇಳುವುದು ಏನಾಯಿತು ಎಂದೇ.

ಕಳೆದ ಭಾನುವಾರ ಹೊಸದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾರಣಗಳನ್ನು ಹೊಂದಿಸಿಕೊಂಡೆ. ಕೊಬ್ಬರಿಯ ದರ ಕೇಳಲು ಬಂದೆ ಎನ್ನಬಹುದು. ಇಲ್ಲೇ ಯಾರದೋ ಮದುವೆಗೆ ಬಂದಿದ್ದೆ ಎನ್ನಬಹುದು; ಆದರೆ ಅದು ಮದುವೆಯ ತಿಂಗಳಲ್ಲ. ಬಸ್ಸಿಳಿದು, ಆಟೋ ಹಿಡಿದು, ತೋಟದ ಬದಿಯ ಆ ಮನೆ ತಲುಪಿದಾಗ ತಿಪ್ಪೇಸ್ವಾಮಿ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕಂಡವರೇ ಗಾಬರಿಯಿಂದ ಎದ್ದು ನಿಂತರು.

“ಏನ್ ಸಾರ್? ಏನಾತು? ಬಬ್ಬೂರ್‌ನಾಗೆ ಯಾರಾದ್ರೂ ಹೋದ್ರಾ?”

“ಇಲ್ಲ, ಎಲ್ಲ ಚೆನ್ನಾಗಿದ್ದಾರೆ.”

“ಮತ್ತೆ?”

ಹೊಂದಿಸಿಕೊಂಡ ಕಾರಣಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಏನಿಲ್ಲ. ಸುಮ್ಮನೆ ಬಂದೆ.”

ಅವರು ಒಳಗೆ ತಿರುಗಿ, ಫೋನಿನಲ್ಲಿ ಮಾತಾಡುವ ದನಿಯಲ್ಲಿ ಕೂಗಿದರು: “ಲೇ, ಪೇಪರ್ ಸಾರ್ ಬಂದವ್ರೆ. ಸುಮ್ನೆ ಬಂದವ್ರೆ ಕಣೇ!”

“ಸುಮ್ನೆ ಬಂದವ್ರಾ?” ಎಂದು ತಿಮ್ಮಕ್ಕ ಸೆರಗಿಗೆ ಕೈಯೊರೆಸಿಕೊಳ್ಳುತ್ತಾ ಬಂದರು. “ಕುಂತ್ಕಳ್ರಿ ಸಾರ್. ಮುದ್ದೆ ಮಾಡ್ತೀನಿ, ಉಂಡೇ ಹೋಗ್ಬೇಕು.”

ಕೂತೆವು. ಅವರ ಸೈಕಲ್ಲು ಗೋಡೆಗೆ ಒರಗಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ. ದಾರಿಯಲ್ಲಿ ಹೋದ ಒಬ್ಬರು ತಿಪ್ಪೇಸ್ವಾಮಿಗೆ ಕೈಮುಗಿದು ಹೋದರು. ಇನ್ನೊಬ್ಬರು ಬಂದವರು ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು, ತಲೆಬಾಗಿ ದಾಟಿದರು. ಯಾರೂ ನಿಲ್ಲಲಿಲ್ಲ.

“ಒಳ್ಳೆ ಮರ್ಯಾದೆ ಇದೆಯಲ್ಲ ಇಲ್ಲಿ,” ಎಂದೆ.

“ಅದೇ ಸಾರ್ ಕಷ್ಟ,” ಎಂದರು. ದನಿ ಇಳಿದಿತ್ತು. “ಹೆಣ್ ಕೊಟ್ಟ ಊರು. ನಾನು ಊರಿಗೇ ಅಳಿಯ. ಕಟ್ಟೆ ತಾವ ಹೋದ್ರೆ ಎಲ್ಲ ಎದ್ದು ಜಾಗ ಬಿಡ್ತಾರೆ. ನಾನು ಕುಂತ್ರೆ ಅವ್ರು ಆಡೋ ಮಾತು ನಿಲ್ಲಿಸ್ತಾರೆ. ಅಳಿಯನ ಮುಂದೆ ಏನು ಮಾತಾಡೋದು ಅಂತ. ಬೈಯೋರಿಲ್ಲ, ರೇಗಿಸೋರಿಲ್ಲ. ಟೀ ಕೊಡ್ತಾರೆ, ಹಲ್ಲು ಕಿರೀತಾರೆ, ಹೋಗ್ತಾರೆ.”

“ಮನೆಯಲ್ಲಿ ಮೊಮ್ಮಕ್ಕಳು?”

“ಮಂಜ ಹೆಂಡ್ತಿ ಮಕ್ಕಳನ್ನ ಕರ್ಕಂಡು ಪ್ಯಾಟೆಗೆ ಮನೆ ಮಾಡ್ದ, ಸ್ಕೂಲು ಹತ್ರ ಅಂತ.” ತೋಟದ ಕಡೆ ನೋಡಿದರು. “ಹೋದ ತಿಂಗಳು ಒಂದಿನ ಹಿರಿಯೂರ್ ಬಸ್ ಹತ್ತಿದ್ದೆ ಸಾರ್. ನಿಮ್ಮನ್ನ ನೋಡಾಣ ಅಂತ. ಅರ್ಧ ದಾರಿಗೆ ಇಳ್ಕಂಡೆ. ಏನಕ್ಕೆ ಬಂದ್ರಿ ಅಂದ್ರೆ ಏನ್ ಹೇಳೋದು?”

ಅವರ ಮುಖ ನೋಡದೆ, “ನಾನು ಹಾಗೆ ಕೇಳುತ್ತಿರಲಿಲ್ಲ,” ಎಂದೆ.

“ಕೇಳ್ತಿದ್ರಿ ಸಾರ್. ನಿಮ್ಮ ಕೆಲ್ಸವೇ ಅದು.”

ಇಬ್ಬರೂ ನಕ್ಕೆವು. ಮುದ್ದೆಯ ಜೊತೆ ಅವರೆಕಾಳಿನ ಸಾರು. ಉಂಡು, ಮತ್ತೆ ಜಗಲಿಗೆ ಬಂದು, ಬಿಸಿಲು ತೋಟದ ಆಚೆಗೆ ಇಳಿಯುವವರೆಗೆ ಕೂತೆವು. ಅವರ ತಮ್ಮನೊಬ್ಬ ಚಿಕ್ಕಂದಿನಲ್ಲೇ ತೀರಿಕೊಂಡ ವಿಷಯವನ್ನು ಆ ದಿನ ಮೊದಲ ಬಾರಿಗೆ ಹೇಳಿದರು. ಈಗ ಯಾರೂ ಮೆಟ್ಟಿಲು ಹತ್ತಿ ಬಾರದ ನನ್ನ ರೂಮಿನ ಬಗ್ಗೆ ನಾನು ಹೇಳಿದೆ.

ಬಸ್ಸಿನವರೆಗೂ ಜೊತೆಗೆ ಬಂದರು. ನಾನು ಹತ್ತಿದ ಮೇಲೆ ಕಿಟಕಿಯ ಸರಳು ಹಿಡಿದು ನಿಂತರು.

“ಮತ್ತೆ ಯಾವಾಗ ಸಾರ್?”

ಈ ಪ್ರಶ್ನೆಯನ್ನು ಅವರು ಹಿಂದೆಂದೂ ಕೇಳಿರಲಿಲ್ಲ.

“ಭಾನುವಾರ,” ಎಂದೆ.

ಇಂದು ಶನಿವಾರ. ಹೊಸದುರ್ಗದ ಮೊದಲ ಬಸ್ಸು ಹಿರಿಯೂರಿನಿಂದ ಬೆಳಕು ಹರಿಯುವ ಮೊದಲೇ ಹೊರಡುತ್ತದೆ.